ಮಾಳಮ್ಮನವರ ಟೊಂಕ ಮತ್ತು ನೆಲದ ಮೇಲಿನ ಒಲೆ

ಶಾಲೆಗಳ ಬಿಸಿಯೂಟದ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ಹೊತ್ತಿರುವ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನೀವು ಉಸ್ತುವಾರಿ ಹೊತ್ತಿದ್ದೀರಿ. ಅಕ್ಕಿ ಚೀಲ, ನೀರಿನ ಕೊಡ, ಕುದಿಯುವ ಸಾಂಬಾರಿನ ಬೋಗಾಣಿ ನಾವು ಹೊರುತ್ತೇವೆ. ನಮ್ಮ ಶಾಲೆಯ ಮುಖ್ಯ ಅಡುಗೆಯವರಾದ ಮಾಳಮ್ಮ ಇನ್ನು ಹೊರಲಾರರು. ಆಸರೆಯಿಲ್ಲದೆ ಎದ್ದು ನಿಲ್ಲಲೂ ಆರರು. ಟೊಂಕ ನೋಯುತ್ತಿದೆ ಎಂದು ಅವರು ನಿಮ್ಮೆದುರು ಕೈಮುಗಿದು ಹೇಳಿದ್ದರು. ನೀವು ಯೋಗ ಮಾಡಲು ಹೇಳಿ ಜೀಪು ಹತ್ತಿದಿರಿ. ನನ್ನ ದೂರು ಇಷ್ಟೇ, ಉಳಿದದ್ದು ಅದರ ವಿವರ.

ನಾನು ಜಯಮಾಲಾ. ಆಳಂದದಿಂದ ಅಫಜಲಪುರದ ಕಡೆ ಹೋಗುವ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ಅಡುಗೆ ಸಹಾಯಕಿ. ಬಿ.ಎ. ಮುಗಿಸಿದ್ದೇನೆ, ಆ ಪದವಿ ಈಗ ತೊಗರಿ ಬೇಳೆ ತೊಳೆಯುತ್ತದೆ. ಆದ್ದರಿಂದ ಈ ಪತ್ರವನ್ನು ಯಾವ ಮುಖಂಡರು ಬರೆಸಿದರೆಂದು ಹುಡುಕಾಡುವ ಶ್ರಮ ತೆಗೆದುಕೊಳ್ಳಬೇಡಿ.

ನಮ್ಮ ಅಡುಗೆ ಕೋಣೆಯಲ್ಲಿ ಎದೆಯೆತ್ತರದ ಒಂದು ಕಟ್ಟೆ ಇದೆ. ಅದನ್ನು ಕಟ್ಟಿಸಿದ ಮಹನೀಯರು ಜೀವಮಾನದಲ್ಲಿ ಅನ್ನ ಬಸಿದವರಲ್ಲ. ಅದರ ಮೇಲೆ ಒಲೆ, ಒಲೆಯ ಮೇಲೆ ಬೋಗಾಣಿ ಇಟ್ಟರೆ ಒಳಗೆ ಏನು ಬೇಯುತ್ತಿದೆ ಎಂಬುದೇ ನಮಗೆ ಕಾಣುವುದಿಲ್ಲ. ಹೀಗಾಗಿ ಒಲೆ ನೆಲಕ್ಕಿಳಿದಿದೆ. ಮುಂಜಾನೆಯಿಂದ ಮಕ್ಕಳು ಉಂಡೇಳುವವರೆಗೆ ಬಗ್ಗಿಯೇ ತಿರುವಬೇಕು, ಬಗ್ಗಿಯೇ ಇಳಿಸಬೇಕು, ಬಗ್ಗಿಯೇ ಬಡಿಸಬೇಕು. ನಳ ಗೇಟಿನ ಹತ್ತಿರ. ಕೊಡ ಹೊತ್ತು ಮೈದಾನ ದಾಟಬೇಕು. ಅಕ್ಕಿಯ ಗಾಡಿ ಒಳಗೆ ಬರುವುದಿಲ್ಲ, ಚೀಲಗಳನ್ನು ಗೇಟಿನಲ್ಲೇ ಉರುಳಿಸಿ ಹೋಗುತ್ತದೆ. ಉಗ್ರಾಣದವರೆಗೆ ಎಳೆಯುವುದು ನಾವಿಬ್ಬರು ಹೆಂಗಸರು. ಆದರೂ ಕಾಗದದಲ್ಲಿ ನಾವು ಕೆಲಸಗಾರರಲ್ಲ, ಗೌರವ ಸೇವೆಯವರು. ಗೌರವಕ್ಕೆ ಬೆನ್ನೆಲುಬು ಇರುವುದಿಲ್ಲ ಎಂದು ನೀವು ನಂಬಿರಬೇಕು.

ಹೋದ ಮಳೆಗಾಲದಲ್ಲಿ ನೀವು ತಪಾಸಣೆಗೆ ಬಂದಿರಿ. ಆ ಹೊತ್ತಿಗಾಗಲೇ ಮಾಳಮ್ಮ ಟೊಂಕಕ್ಕೆ ಹಳೆಯ ಸೀರೆಯ ತುಂಡನ್ನು ಬಿಗಿದು ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದರು. ನೋವು ತಡೆಯದಾದಾಗ ಊರಿನಲ್ಲಿ ಸೂಜಿ ಚುಚ್ಚುವವನ ಹತ್ತಿರ ಹೋಗುತ್ತಿದ್ದರು. ಸೂಜಿ ನೋವನ್ನು ಮುಚ್ಚುತ್ತಿತ್ತು, ಅವರು ಮರುದಿನ ಮತ್ತೆ ಬಗ್ಗುತ್ತಿದ್ದರು. ನೀವು ಕುರ್ಚಿಯಲ್ಲಿ ಕುಳಿತು ಸಾಂಬಾರಿನ ರುಚಿ ನೋಡುತ್ತಿದ್ದಾಗ ಅವರು ಹತ್ತಿರ ಬಂದರು.

"ಸಾಹೇಬ್ರ, ಆ ಕಟ್ಟಿ ಒಡದು ತಗ್ಗ ಮಾಡಿಸಿಕೊಡ್ರಿ. ಬಗ್ಗಿ ಬಗ್ಗಿ ಟೊಂಕ ಹಿಡದಾದ. ಕಾಲಿನ ತನಾ ಸಳಕ್ ಹೊಡಿಯಾಕತ್ತಾದ."

ನೀವು ಅಂದಿರಿ: "ಮನ್ಯಾಗ ಅಡಗಿ ಮಾಡಂಗಿಲ್ಲೇನಬೇ? ಅಲ್ಲಿ ಇಲ್ಲದ ಟೊಂಕ ನೋವು ಇಲ್ಲಿ ಎಲ್ಲಿಂದ ಬಂತು? ದಿನಾ ಮುಂಜಾನಿ ಯೋಗ ಮಾಡು, ಕಡಿಮಿ ಆಗ್ತದ."

"ಮುಂಜಾನಿಂದ ಬಗ್ಗೇ ಇರ್ತೇನಲ್ರಿ ಸಾಹೇಬ್ರ, ಇನ್ನೆಷ್ಟ ಬಗ್ಗಲಿ?" ಎಂದರು ಮಾಳಮ್ಮ.

ನಿಮ್ಮ ಜೊತೆ ಬಂದವರೆಲ್ಲ ನಕ್ಕರು. ಸಾಂಬಾರಿಗೆ ಉಪ್ಪು ಕಡಿಮೆ ಎಂದು ಹೇಳಿ ನೀವು ಎದ್ದಿರಿ. ನಿಮಗಿಂತ ಹಿರಿಯಳಾದ ಹೆಂಗಸನ್ನು ನೀವು ಏಕವಚನದಲ್ಲಿ ಮಾತಾಡಿಸಿದಿರಿ. ನಾನು ಇಲ್ಲಿ ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ, ಯಾರಾದರೂ ಬರೆಯಬೇಕಲ್ಲ.

ತೊಗರಿ ರಾಶಿಯ ದಿನಗಳಲ್ಲಿ ಅದು ಆಯಿತು. ಸಾಂಬಾರು ಇಳಿಸಬೇಕಿತ್ತು. ಬೋಗಾಣಿಯ ಒಂದು ಹಿಡಿಕೆ ಅವರದು, ಇನ್ನೊಂದು ನನ್ನದು. ಎತ್ತಿ ಬಾಗಿಲ ಕಡೆ ತಿರುಗುವಾಗ ಅವರ ಬಾಯಿಂದ "ಯವ್ವಾ" ಎಂಬ ಸದ್ದು ಬಂತು, ಮುಖ ಬಿಳಿಚಿತು. ಆದರೆ ಕೈ ಬಿಡಲಿಲ್ಲ. ಬಿಟ್ಟಿದ್ದರೆ ಕುದಿಯುವ ಸಾಂಬಾರು ನನ್ನ ಕಾಲ ಮೇಲೆ ಬೀಳುತ್ತಿತ್ತು. ಬೋಗಾಣಿಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಆಮೇಲೆ ಅದರ ಪಕ್ಕದಲ್ಲಿ ಕುಸಿದರು. ಅವರ ಗಂಡ ಚಂದ್ರಾಮ ಮಾಮಾ ಹೊಲದಿಂದ ಓಡಿ ಬಂದು ಮನೆಗೆ ಕರೆದೊಯ್ದರು. ಮತ್ತೆ ಸೂಜಿ.

ಮರುದಿನ ನೋಡಲು ಹೋದೆ. ಗಂಡನನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿ, ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಜಯಾ, ಯಾರಿಗೂ ಹೇಳಬ್ಯಾಡ. ಕುಂತ ಜಾಗಾ ಗೊತ್ತೇ ಆಗವಲ್ದು. ಮುಟ್ಟಿದ್ರ ಬ್ಯಾರೇದವ್ರ ಮೈ ಮುಟ್ಟಿದಂಗ ಆಗ್ತದ. ನಿನ್ನಿಂದ ಒಂದಕ್ಕೂ ಹೋಗಿಲ್ಲ."

"ಮಾಮಾಗ ಹೇಳೀರೇನು?"

"ಗಂಡಸ್ರಿಗೆ ಇದನ್ನ ಹ್ಯಾಂಗ ಹೇಳಲಿ? ನಾಚಿಕಿ ಬರ್ತದ."

ಯಾರಿಗೆಂದು ಹೇಳದೆ ನಾನು ಕೇಳಿದಾಗ ಸೂಜಿಯವನು ಉಷ್ಣವಾಗಿರಬೇಕು ಎಂದ. ಕೊತ್ತಂಬರಿ ಬೀಜದ ನೀರು ಕುಡಿಸಿದೆ. ಹೊಟ್ಟೆ ಉಬ್ಬಿತೇ ಹೊರತು ಹನಿ ಮೂತ್ರ ಬರಲಿಲ್ಲ. ಆಮೇಲೆ ಪಾದಗಳು ಮಾತು ಕೇಳುವುದನ್ನು ನಿಲ್ಲಿಸಿದವು. ನಾಚಿಕೆ ಬದಿಗಿಟ್ಟು ನಾನೇ ಮಾಮಾನಿಗೆ ಹೇಳಿದೆ. ಪಕ್ಕದ ಮನೆಯ ಫಯಾಜನ ಆಟೋದಲ್ಲಿ ಮಲಗಿಸಿಕೊಂಡು ಆಳಂದಕ್ಕೆ ಓಡಿದೆವು. ಅಲ್ಲಿಯ ಡಾಕ್ಟರರು ಪರೀಕ್ಷಿಸಿದವರೇ, ಆಂಬುಲೆನ್ಸ್ ಮಾಡಿ ಕಲಬುರಗಿಗೆ ಕಳಿಸಿದರು.

ಬೆನ್ನಿನ ಮಣಿಗಳ ನಡುವೆ ಗಾದಿಯಂಥ ಮೆತ್ತನೆಯ ಬಿಲ್ಲೆಗಳಿರುತ್ತವಂತೆ. ವರ್ಷಗಟ್ಟಲೆ ಬಗ್ಗಿ ಭಾರ ಎತ್ತಿ ಸವೆದ ಒಂದು ಬಿಲ್ಲೆ ಆ ದಿನ ಹೊರಗೆ ಜಾರಿ, ಕಾಲಿಗೂ ಮೂತ್ರಕ್ಕೂ ಹೋಗುವ ನರಗಳನ್ನು ಅದುಮಿ ಹಿಡಿದಿತ್ತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಡಾಕ್ಟರಮ್ಮ ಚಂದ್ರಾಮ ಮಾಮಾನನ್ನು ಕೂರಿಸಿಕೊಂಡು ಹೇಳಿದರು: "ಕುಂತ ಜಾಗಾ ಜೋಮು ಹಿಡದು ಒಂದಕ್ಕ ಬಂದ್ ಆತು ಅಂದ್ರ ಅವತ್ತೇ ದವಾಖಾನಿಗೆ ಬರಬೇಕ್ರಿ. ತಡಾ ಆದಷ್ಟು ನರ ಸಾಯ್ತಾವ." ಮಾಮಾ ಹೊರಗೆ ಬಂದು ಗೋಡೆಗೆ ಮುಖ ಕೊಟ್ಟು ನಿಂತರು.

ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಸೀಮೆಯ ಬೆನ್ನುಗಳನ್ನೆಲ್ಲ ಕಂಡೆ: ಜೇವರ್ಗಿಯ ಲಾರಿ ಚಾಲಕ, ಅತನೂರಿನಿಂದ ಬಂದ ಹತ್ತಿ ಬಿಡಿಸುವಾಕೆ, ಹಗಲೆಲ್ಲ ಹೊಲಿಗೆ ಯಂತ್ರದ ಮೇಲೆ ಬಾಗುವ ಮುದುಕ. ಹೆಚ್ಚಿನ ಬೆನ್ನು ನೋವು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಹಾಸಿಗೆ ಹಿಡಿದು ಮಲಗುವುದಕ್ಕಿಂತ ಮೆಲ್ಲಗೆ ಓಡಾಡುವುದು ಒಳ್ಳೆಯದು ಎಂದರು ಡಾಕ್ಟರಮ್ಮ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಬಾರದು. ಬೆನ್ನು ಹೊಟ್ಟೆಯ ಸ್ನಾಯು ಗಟ್ಟಿಯಾಗುವಂತೆ ವ್ಯಾಯಾಮ ಬೇಕು. ಭಾರ ಎತ್ತುವಾಗ ಮೊಣಕಾಲು ಬಗ್ಗಿಸಬೇಕು, ಟೊಂಕ ತಿರುಚಬಾರದು, ವಸ್ತುವನ್ನು ಮೈಗೆ ಹತ್ತಿರ ಹಿಡಿಯಬೇಕು. ಎಲ್ಲವೂ ನಿಜ. ಆದರೆ ಕುದಿಯುವ ಸಾಂಬಾರನ್ನು ಮೈಗೆ ಹತ್ತಿರ ಹಿಡಿಯುವುದು ಹೇಗೆ, ಮಾನ್ಯರೇ? ಮಕ್ಕಳು ತಟ್ಟೆ ಹಿಡಿದು ಕುಳಿತಿರುವಾಗ ಭಂಗಿ ಬದಲಿಸಲು ಯಾರ ಅಪ್ಪಣೆ ಕೇಳೋಣ? ನೀವು ಹೇಳಿದ ಯೋಗವೂ ಕೆಟ್ಟದ್ದಲ್ಲ. ನೆಲದ ಮೇಲಿನ ಒಲೆಯನ್ನು ಮೇಲಕ್ಕೆತ್ತುವ ಆಸನ ಅದರಲ್ಲಿದೆಯೇ ಎಂಬುದಷ್ಟೇ ನನ್ನ ಸಂಶಯ.

ಮಾಳಮ್ಮ ಈಗ ಮಂಚದ ಮೇಲಿದ್ದಾರೆ. ಮೂತ್ರಕ್ಕೆ ನಳಿಕೆ ಹಾಕಿದ್ದಾರೆ. ಯಾವುದನ್ನು ಗಂಡನಿಗೆ ಹೇಳಲು ನಾಚಿದರೋ, ಅದನ್ನೆಲ್ಲ ಈಗ ಆ ಗಂಡನೇ ತೊಳೆಯುತ್ತಾರೆ. ನಿಮ್ಮ ಕಡೆಯಿಂದ ಯಾರೂ ಬಂದು ನೋಡಲಿಲ್ಲ. ಆದರೆ ಖಾಲಿಯಾದ ಜಾಗ ತುಂಬಲು ನೀವು ತಡಮಾಡಲಿಲ್ಲ. ಅವರ ಸೊಸೆ ಸಪ್ನಾಳನ್ನು ತೆಗೆದುಕೊಂಡಿರಿ. ಆಕೆ ಬಸುರಿ. ಒಲೆ ಇನ್ನೂ ನೆಲದ ಮೇಲೆಯೇ ಇದೆ.

ಈ ಪತ್ರ ಬರೆಯುವೆನೆಂದಾಗ ಹೆಡ್ ಮಾಸ್ತರರಾದ ದೌಲತರಾಯ ಸರ್ ಹೆದರಿದರು. "ಯಾಕ ಬೇಕವಾ ಇದೆಲ್ಲಾ, ಇದ್ದ ಕೆಲಸಾನೂ ಹೋಗ್ತದ" ಎಂದರು. ಕೆಡುಕು ಬಯಸಿ ಹೇಳಿದ್ದಲ್ಲ, ಅವರಿಗೂ ಮೇಲೆ ನೀವಿದ್ದೀರಿ. ನಾನು ಮಾಳಮ್ಮನವರನ್ನೇ ಕೇಳಿದೆ. ಮೂತ್ರ ನಿಂತಿದ್ದು, ನಳಿಕೆ ಹಾಕಿದ್ದು, ಇದೆಲ್ಲ ನಾಲ್ಕು ಮಂದಿ ಓದುತ್ತಾರೆ, ಬರೆಯಲೋ ಬೇಡವೋ ಎಂದೆ. ಅವರು ಹೇಳಿದರು: "ಬರಿಯವಾ. ನಾ ಮುಚ್ಚಿಟ್ಟು ಕಾಲು ಕಳಕೊಂಡೆ. ಸಪ್ನಾಗ ಹಂಗ ಆಗಬಾರದು. ಹೆಸರ ಸೈತ ಹಾಕು."

ಹಾಕಿದ್ದೇನೆ. ಈಗ ನಮ್ಮ ಬೇಡಿಕೆ. ಕಟ್ಟೆಯನ್ನು ಒಡೆಸಿ ಹೆಂಗಸರ ಎತ್ತರಕ್ಕೆ ಹೊಂದುವಂತೆ ತಗ್ಗಿಸಿ. ನಳವನ್ನು ಅಡುಗೆ ಕೋಣೆಯೊಳಗೆ ತನ್ನಿ. ಅಕ್ಕಿ ಚೀಲವನ್ನು ಉಗ್ರಾಣದ ಒಳಗೇ ಇಳಿಸುವಂತೆ ಗಾಡಿಯವರಿಗೆ ಆದೇಶಿಸಿ. ದೊಡ್ಡ ಬೋಗಾಣಿಯ ಬದಲು ಸಣ್ಣವನ್ನು ಕೊಡಿ. ಬಸುರಿಯರಿಗೆ ಭಾರದ ಕೆಲಸ ಹೇಳಬೇಡಿ. ಕಾಲು ಸೋತರೆ, ಕುಳಿತ ಜಾಗ ಮರಗಟ್ಟಿದರೆ, ಮೂತ್ರ ನಿಂತರೆ ಅಂದೇ ಆಸ್ಪತ್ರೆಗೆ ಹೋಗಬೇಕೆಂದು ಪ್ರತಿ ಅಡುಗೆ ಕೋಣೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ. ಮಾಳಮ್ಮನವರ ಮದ್ದು, ಆರೈಕೆ ನಿಮ್ಮ ಇಲಾಖೆಯ ಹೊಣೆ ಎಂದು ಒಪ್ಪಿಕೊಳ್ಳಿ.

ಇದನ್ನೆಲ್ಲ ಪರಿಶೀಲಿಸಲು ಸಮಿತಿ ಬೇಕಿಲ್ಲ. ಒಂದು ದಿನ ಊಟದ ಹೊತ್ತಿಗಲ್ಲ, ಅದಕ್ಕೂ ಮೊದಲೇ ಬನ್ನಿ. ಸಾಂಬಾರು ಕುದಿಯುತ್ತಿರುತ್ತದೆ. ಸಪ್ನಾಳನ್ನು ಪಕ್ಕಕ್ಕೆ ಕೂರಿಸಿ, ನನ್ನೆದುರಿನ ಹಿಡಿಕೆಯನ್ನು ನೀವು ಹಿಡಿಯಿರಿ.

ಇಂತಿ,
ಸದ್ಯಕ್ಕೆ ನೆಟ್ಟಗೆ ನಿಂತಿರುವ
ಜಯಮಾಲಾ
ಅಡುಗೆ ಸಹಾಯಕಿ