ಬಲಗಡೆಯ ಗೆರೆ

ಅಳತೆ ಕೋಣೆ, ಕಿಟಕಿ ಪಕ್ಕದ ಮೇಜು
ಫೆಬ್ರವರಿ ೧೮, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಆ ವೀಕ್ಷಣಾಲಯದಲ್ಲಾದರೂ ನೆಟ್ಟಗೆ ಕೂರುವಂಥ ಕುರ್ಚಿ ಕೊಟ್ಟಿದ್ದಾರೆಯೇ? ಅಮ್ಮ ಚೆನ್ನಾಗಿದ್ದಾಳೆ. ಎಂಟು ತಿಂಗಳಿಂದ ನೀನು ನನಗೆ ಒಂದಕ್ಷರ ಬರೆದಿಲ್ಲ, ಆದರೆ ಅವಳಿಗೆ ಬರೆದದ್ದನ್ನೆಲ್ಲ ನಾನು ಕದ್ದು ಓದುತ್ತೇನೆ. (ಬೈಯಬೇಡ, ಅವಳೇ ಬೇಕೆಂದು ಬಿಚ್ಚಿಟ್ಟು ಹೋಗುತ್ತಾಳೆ.) ಅಂದಹಾಗೆ, ನನಗೆ ಕನ್ನಡಕ ಬಂದಿದೆ. ನಗು, ಹೊಟ್ಟೆ ತುಂಬ ನಗು.

ನಮ್ಮ ಜೋಡಿ ನಕ್ಷತ್ರದ ವಿಷಯ ಹೇಳಬೇಕು. ದೂರದರ್ಶಕದಲ್ಲಿ ಒಂದೇ ಚುಕ್ಕಿ. ಬೆಳಕನ್ನು ಬಣ್ಣಗಳಾಗಿ ಹರಡಿ ಗಾಜಿನ ಫಲಕದ ಮೇಲೆ ಹಿಡಿದಾಗ ಮಾತ್ರ ಪ್ರತಿ ಕಪ್ಪು ಗೆರೆಯೂ ಎರಡಾಗುತ್ತದೆ, ಒಬ್ಬೊಬ್ಬಳದು ಒಂದೊಂದು. ನಮ್ಮಿಂದ ದೂರ ಹೋಗುತ್ತಿರುವವಳ ಗೆರೆ ಕೆಂಪಿನ ಕಡೆಗೆ, ಬಲಕ್ಕೆ. ಹತ್ತಿರ ಬರುತ್ತಿರುವವಳದು ಎಡಕ್ಕೆ. ಅವರಿಗೆ ಅಕ್ಕ, ತಂಗಿ ಎಂದು ಹೆಸರಿಟ್ಟವಳು ನೀನೇ. ನಾನೋ, ಪಟ್ಟಿ ಮುಗಿಸುವ ಆತುರದಲ್ಲಿ ಪ್ರತಿ ಫಲಕದಲ್ಲೂ ಬಲಗಡೆಯದನ್ನೇ ಅಕ್ಕ ಎಂದು ಬರೆದುಕೊಂಡು ಹೋದೆ. ಅವರು ಒಬ್ಬರನ್ನೊಬ್ಬರು ಒಂದು ಸುತ್ತು ಬರಲು ಏಳು ದಿನ ಎಂದು ಬಂತು. ನೀನು ಹದಿನಾಲ್ಕು ಎಂದೆ. "ಅಲ್ವೇ ಗುಬ್ಬಿ, ನಿನ್ನ ಲೆಕ್ಕದಲ್ಲಿ ಅಕ್ಕ ಬರೀ ದೂರ ಹೋಗ್ತಾನೇ ಇರ್ತಾಳಲ್ಲೇ, ತಿರುಗಿ ಬರೋದು ಯಾವಾಗ?" ಎಂದು ಕೇಳಿದೆ. ನಾನು ಎಲ್ಲರ ಮುಂದೆ, "ನಿನ್ನ ಕಣ್ಣು ಮಂಜಾಗಿದೆ" ಎಂದುಬಿಟ್ಟೆ. ಮುಖ್ಯಸ್ಥರು ಕೂಡಿಸಿ ಕಳೆದದ್ದನ್ನಷ್ಟೇ ನೋಡಿ ನನ್ನ ಏಳನ್ನು ಅಚ್ಚಿಗೆ ಕಳಿಸಿದರು. ನೀನು ವರ್ಗ ಕೇಳಿಕೊಂಡು ಹೊರಟುಹೋದೆ.

ನಿನ್ನೆ ಕನ್ನಡಕ ಹಾಕಿಕೊಂಡು ಆ ಇಪ್ಪತ್ತಮೂರು ಫಲಕಗಳನ್ನೂ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅಕ್ಕನ ಗೆರೆ ಒಂದು ಕೂದಲೆಳೆ ದಪ್ಪ, ನೀನು ಸಾರಿ ಸಾರಿ ಹೇಳಿದ ಹಾಗೆಯೇ. ಒಂದು ವಾರ ಬಲಕ್ಕಿದ್ದವಳು ಮುಂದಿನ ವಾರ ಎಡಕ್ಕಿದ್ದಾಳೆ. ಹೆಸರು ಸರಿಪಡಿಸಿ ನಕ್ಷೆಯ ಹಾಳೆಯ ಮೇಲೆ ಮತ್ತೆ ಚುಕ್ಕಿಗಳನ್ನು ಜೋಡಿಸಿದರೆ, ಗೆರೆ ಏರಿ ಇಳಿದು ಹದಿನಾಲ್ಕನೆಯ ದಿನ ಹೊರಟ ಜಾಗಕ್ಕೇ ಬಂತು. ಅಕ್ಕಾ, ಮಂಜಾಗಿದ್ದದ್ದು ನನ್ನ ಕಣ್ಣು, ಉದ್ದವಾಗಿದ್ದದ್ದು ನನ್ನ ನಾಲಿಗೆ. ಅಂದಿನ ಮಾತು ನೆನೆದರೆ ನಾಚಿಕೆಯಾಗುತ್ತದೆ. ನೀನಿಲ್ಲದೆ ಈ ಕೋಣೆಯಲ್ಲಿ ನನಗೆ ಹೊತ್ತೇ ಹೋಗುವುದಿಲ್ಲ. ಬೆಳಿಗ್ಗೆ ಮುಖ್ಯಸ್ಥರಿಗೂ ಹೇಳಿದೆ. ಮೂಗು ಮುರಿದರು, ಆದರೆ ತಿದ್ದುಪಡಿಗೆ ಒಪ್ಪಿದರು.

ಭಾವನನ್ನು ಕೇಳಿದೆ ಎಂದು ಹೇಳು. ಬೆನ್ನಿನ ಕಡೆ ಗಮನವಿರಲಿ.

ನಿನ್ನ
ಗುಬ್ಬಿ

ಮರೆತಿದ್ದೆ: ತಿದ್ದುಪಡಿಯಲ್ಲಿ ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ತಿಂಗಳ ಕೊನೆಯೊಳಗೆ ನಿನ್ನ ರುಜು ಬೀಳಬೇಕು. ಅಂಚೆಗೆ ಹಾಕಿದರೆ ಅಲ್ಲಿಂದಲೇ ರುಜು ಮಾಡಿ ಕಳಿಸಿಬಿಡುತ್ತೀಯ, ನಿನ್ನನ್ನು ನಾನು ಬಲ್ಲೆ. ಅದಕ್ಕೇ ತಿದ್ದುಪಡಿಯ ಕಾಗದವನ್ನು ಇಲ್ಲಿ ನೀನು ಬೀಗ ಹಾಕಿ ಹೋದ ನಿನ್ನ ಮೇಜಿನ ಖಾನೆಯ ಸಂದಿಯಿಂದ ಒಳಕ್ಕೆ ತೂರಿಸಿದ್ದೇನೆ. ಬೀಗದ ಕೈ ನಿನ್ನ ಹತ್ತಿರವೇ ಇದೆ.