ಹನುಮವ್ವನ ಕಸುಬು

ರಾಜಾಜಿನಗರ, ಬೆಂಗಳೂರು
೧೯ ಜುಲೈ ೨೦೦೬

ಪ್ರೀತಿಯ ಶಿವಗಂಗಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಗದಗಿನ ವೈದ್ಯರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಶೀಶೆಯನ್ನು ದೇವರ ಮುಂದಿಟ್ಟು ಕೈಮುಗಿಯುತ್ತಿದ್ದೀಯೋ? ಪಾರ್ಶ್ವವಾಯು ಬಡಿದಾಗಿನಿಂದ ನನ್ನಾಕೆ ಕಲಾವತಿ ಹಾಸಿಗೆಯಲ್ಲೇ ಇದ್ದಾಳೆ. ಈಗೀಗ ಎಡಗೈ ಸ್ವಲ್ಪ ಎತ್ತುತ್ತಾಳೆ.

ಇನ್ನು ಇಲ್ಲಿಯ ಸುದ್ದಿ. ನಮ್ಮ ಮನೆ ಇರುವ ಈ ಸೈಟನ್ನು ಅಜ್ಜಿಗೆ ಕೊಟ್ಟ ನೇಕಾರರ ಸಂಘ ಈಗ ನೋಟಿಸ್ ಕಳಿಸಿದೆ: ಮೂಲ ಸದಸ್ಯರು ನೇಕಾರರೆಂದು ತೋರಿಸದಿದ್ದರೆ ಮನೆ ಬಿಡಬೇಕು. ನಾನೇ ಹೋಗಿ ಹಳೆಯ ಸದಸ್ಯರ ಪುಸ್ತಕ ಹುಡುಕಿದೆ. ೧೯೫೧ರ ಪುಟದಲ್ಲಿ ಅಜ್ಜಿ ಸಿಕ್ಕಳು: ‘ಹನುಮವ್ವ, ವಿಧವೆ, ಕಸುಬು: ಅಚ್ಚು ಕೆಚ್ಚುವುದು.’ ಕಾರ್ಯದರ್ಶಿ ಪುರುಷೋತ್ತಮ, “ಹಂಗಂದ್ರೆ ಏನ್ ಸಾರ್?” ಎಂದ. ನೇಕಾರರ ಸಂಘದ ಕಾರ್ಯದರ್ಶಿ ಕೇಳುವ ಪ್ರಶ್ನೆಯೇ ಇದು!

ವಿವರಿಸಿದೆ. ಮಗ್ಗದ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಯನ್ನು ಬಾಚಣಿಗೆಯಂಥ ಅಚ್ಚಿನ ಹಲ್ಲುಗಳಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಅದಕ್ಕೆ ಹೊಸೆಯಬೇಕು. ಒಂದು ಸೀರೆಗೆ ಮೂರು ಸಾವಿರ ಎಳೆ. ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಅದಕ್ಕೇ ಅಜ್ಜಿ ನಡುವೆ ಏಳುತ್ತಿರಲಿಲ್ಲ. ನೀನು ತುತ್ತು ಮಾಡಿ ಅವಳ ಬಾಯಿಗಿಡುತ್ತಿದ್ದೆ. “ಮಾತಾಡಸಬ್ಯಾಡ, ಎಳಿ ತಪ್ತೈತಿ” ಎನ್ನುತ್ತಿದ್ದಳಲ್ಲ? ಅವಳು ಕೆಚ್ಚದೆ ನಮ್ಮ ಬೀದಿಯ ಯಾವ ಮಗ್ಗದಲ್ಲೂ ಲಾಳಿ ಓಡುತ್ತಿರಲಿಲ್ಲ.

ಎಲ್ಲ ಕೇಳಿ ಆ ಮಹಾಶಯ ಹೇಳಿದ್ದು: “ದಾರ ಹೊಸೆಯೋದು ಬೇರೆ, ನೇಯೋದು ಬೇರೆ ಸಾರ್. ನಿಮ್ ತಾತ ನೇಯ್ತಿದ್ರು, ಅವರ ಹೆಂಡ್ತಿ ಅಂತ ಸೈಟ್ ಬಂತು ಅಂತ ಒಂದು ಅಫಿಡವಿಟ್ ಕೊಟ್ಬಿಡಿ. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ?” ಅಜ್ಜ ಸಾಯುವವರೆಗೂ ಚಿಕ್ಕಪೇಟೆಯಲ್ಲಿ ಮೂಟೆ ಹೊತ್ತವನು! ಸುಳ್ಳು ಬರೆಯುವವನಲ್ಲ ನಾನು ಎಂದು ಕೂಗಾಡಿ ಬಂದೆ. ಪತ್ರಿಕೆಗೆ ಬರೆದೆ, ಹಾಕಲಿಲ್ಲ. ವಕೀಲರು ಕೇಸು ಮುಗಿಯಲು ಹತ್ತು ವರ್ಷ ಎಂದರು. ದೀಪಾಂಜಲಿ ನಗರದಲ್ಲಿ ಬಾಡಿಗೆ ಮನೆ ಕೇಳಿದರೆ, “ಪೇಷೆಂಟ್ ಇದಾರಾ? ಕಷ್ಟ ಅಂಕಲ್” ಎಂದು ಬಾಗಿಲು ಹಾಕಿಕೊಂಡರು. ಈ ಮಂಚವನ್ನು ಎಲ್ಲಿಗೆ ಸಾಗಿಸಲಿ, ಹೇಳು.

ಭಾವನವರಿಗೆ ನಮಸ್ಕಾರ. ಮೊಮ್ಮಗಳು ಸುವರ್ಣಾಳಿಗೆ ನಮ್ಮಿಬ್ಬರ ಆಶೀರ್ವಾದ, ಚೆನ್ನಾಗಿ ಓದಲಿ.

ನಿನ್ನ ತಮ್ಮ,
ದೇವೇಂದ್ರಪ್ಪ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅಫಿಡವಿಟ್‌ಗೆ ಸಹಿ ಹಾಕಿದೆ. ಸಾಕ್ಷಿಯಾಗಿ ನಿನ್ನ ಹೆಸರು ಕೊಟ್ಟಿದ್ದೇನೆ. ಸೋಮವಾರ ಪುರುಷೋತ್ತಮ ಫೋನ್ ಮಾಡುತ್ತಾನೆ. ಅಜ್ಜ ನೇಯುತ್ತಿದ್ದ ಎಂದುಬಿಡು. ಅಜ್ಜಿ ಏನು ಮಾಡುತ್ತಿದ್ದಳು ಎಂದು ಕೇಳಿದರೆ, ಅಡುಗೆ ಎನ್ನು.