ಅಜ್ಜಿ ಅಡಗಿದ ಕಾಡು

ವೋರು, ಎಸ್ಟೋನಿಯಾ

ದಳಪತಿ ಐವಾರರಿಗೆ,

ಅಣಬೆಗೆ ಹೋಗಿ ದಾರಿ ತಪ್ಪಿದ ನನ್ನ ಅಜ್ಜಿ ಸೆಲ್ಮಾಳನ್ನು ಹುಡುಕಲು ನಮ್ಮ ಸ್ವಯಂಸೇವಕ ರಕ್ಷಣಾ ದಳವನ್ನೇ ಕರೆತಂದಿರಿ, ಉಪಕಾರವಾಯಿತು.

“ನೀನು ಅಡಗಿಕೊಂಡ್ರೆ ಹಸುಗೂ ಕಾಣ್ತೀಯಲ್ಲೋ!” ಎಂದು ತರಬೇತಿಯಲ್ಲಿ ನನ್ನನ್ನು ಛೇಡಿಸುತ್ತಿದ್ದಿರಿ. ಎಂಬತ್ತನಾಲ್ಕರ ಅಜ್ಜಿಯ ಪಕ್ಕದಲ್ಲೇ ಸೈನಿಕರಂಥ ಹಸಿರು ಸಮವಸ್ತ್ರ ತೊಟ್ಟ ನಾವು ನಲವತ್ತು ಜನ ಹೆಸರು ಕೂಗುತ್ತಾ ಎರಡು ಸಲ ಹಾದುಹೋದೆವು. ಅವಳು ಓಗೊಡದೆ ಪಾಚಿ ಹೊದ್ದು ಮಲಗಿದ್ದಳು.

ಮೂರನೆಯ ಸಲ ನನಗೆ ಕಂಡಳು. “ಉಸಿರೆತ್ತಬೇಡ್ವೋ! ಸಿಪಾಯಿಗಳು ಬಂದವ್ರೆ, ಸೈಬೀರಿಯಾಕ್ಕೆ ಸಾಗಿಸಿಬಿಡ್ತಾರೆ,” ಎಂದು ಪಿಸುಗುಟ್ಟಿದಳು. ಸೋವಿಯತ್ ಸೈನಿಕರು ಊರವರನ್ನು ಗಡೀಪಾರು ಮಾಡಿದ 1949ರಲ್ಲಿ, ಎಂಟರ ವಯಸ್ಸಿನಲ್ಲಿ, ಹೀಗೇ ಅಡಗಿ ಉಳಿದವಳೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

“ಸಿಪಾಯಿಗಳು ಹೋದ್ರು, ಅಜ್ಜಿ,” ಎಂದು ಸಮವಸ್ತ್ರದ ಅಂಗಿ ಕಳಚಿ ಬೆನ್ನ ಹಿಂದಿಟ್ಟೆ.

ದಳ ಬಿಡುವುದಿಲ್ಲ. ಮುಂದಿನ ಹುಡುಕಾಟಕ್ಕೆ ಮಾತ್ರ ಮೀನು ಹಿಡಿಯುವಾಗ ತೊಡುವ ನನ್ನ ಕೆಂಪು ಅಂಗಿಯಲ್ಲಿ ಬರಲು ಅಪ್ಪಣೆ ಕೊಡಿ.

ಹಸುವಿಗೂ ಕಾಣಬಯಸುವ,
ಹೆಲ್ದುರ್